ಬಿಟ್ಟವರ ಎಲೆ, ಇದ್ದವರ ಒಲೆ

“ಮನೆ ಬಿಟ್ಟು ಹೋದವರನ್ನು ಹಸಿವೆಯೂ ಬಿಟ್ಟು ಹೋಗುತ್ತದೇನಪ್ಪ?”

ಈ ಪ್ರಶ್ನೆಯನ್ನು ನಾನು ಮೊದಲು ಕಂಡದ್ದು ಯಾವ ವೇದಾಂತ ಗ್ರಂಥದಲ್ಲಿಯೂ ಅಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯ ಹಿತ್ತಲಲ್ಲಿ, ಹುಣಿಸೆಹಣ್ಣು ಬೂದಿ ಹಚ್ಚಿ ಪಾತ್ರೆ ಬೆಳಗುತ್ತಿದ್ದ ನನ್ನ ಚಿಕ್ಕಮ್ಮನ ಬಾಯಿಂದ ಅದನ್ನು ಕೇಳಿದೆ. ಆಗ ನನಗೆ ಹನ್ನೆರಡು ವರ್ಷ. ಗೋಕರ್ಣದಿಂದ ಚಿಕ್ಕಪ್ಪನ ಕಾಗದ ಬಂದಿತ್ತು. ಅದನ್ನು ನಾನೇ ಓದಿ ಹೇಳಿದ್ದೆ. ಸಮುದ್ರದ ವರ್ಣನೆಯಿತ್ತು, ಮನಸ್ಸಿನ ಬಿಡುಗಡೆಯ ಮಾತಿತ್ತು, ಹಣವೆಂಬುದು ಒಂದು ಭ್ರಾಂತಿ ಎಂಬ ಮಾತೂ ಇತ್ತು. ಎರಡು ಮಕ್ಕಳ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಚಿಕ್ಕಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಚೊಂಬನ್ನು ಮಗುಚಿ ಹಾಕಿ, ಈ ಒಂದು ಮಾತನ್ನು ಆಡಿ ಒಳಕ್ಕೆ ಹೋದರು.

ಚಿಕ್ಕಪ್ಪ ಮೈಸೂರಿನಲ್ಲಿ ಬಿ.ಎ. ಓದಿ ಬಂದು ಪಕ್ಕದ ಊರಿನಲ್ಲಿ ಮೇಷ್ಟರಾಗಿದ್ದವರು. 1970ರ ಬೇಸಿಗೆಯಲ್ಲಿ ನನ್ನನ್ನು ಶ್ರೀರಂಗಪಟ್ಟಣ ತೋರಿಸಲು ಕರೆದುಕೊಂಡು ಹೋಗಿದ್ದರು. ರಂಗನಾಥನ ದರ್ಶನವಾಯಿತು, ಗುಂಬಜ್ ನೋಡಿದ್ದಾಯಿತು, ಕಾವೇರಿಯ ಎರಡು ಕವಲುಗಳು ಮತ್ತೆ ಒಂದಾಗುವ ಸಂಗಮಕ್ಕೆ ಬಂದೆವು. ಅಲ್ಲಿ ನೀರಿಗೆ ಕಾಲು ಇಳಿಬಿಟ್ಟುಕೊಂಡು ಮೂವರು ಪರದೇಶದ ಯುವಕರು ಕುಳಿತಿದ್ದರು. ಬೆನ್ನಿನವರೆಗೆ ಕೂದಲು, ಕೊರಳಲ್ಲಿ ಮಣಿಸರ, ಒಬ್ಬನ ತೊಡೆಯ ಮೇಲೆ ಗಿಟಾರ್. ಜನ ಸುತ್ತ ನಿಂತು ನಗುತ್ತಿದ್ದರು. ಚಿಕ್ಕಪ್ಪ ನಗಲಿಲ್ಲ. ಅವರ ಬಳಿ ಕುಳಿತು ಸಂಜೆಯವರೆಗೆ ಇಂಗ್ಲಿಷಿನಲ್ಲಿ ಮಾತನಾಡಿದರು. ಮರುವರ್ಷ ಅವರೂ ಹೊರಟುಹೋದರು.

ಇದನ್ನೆಲ್ಲ ಈಗ ಹೇಳುತ್ತಿರುವುದು ಮನೆಯ ಕಥೆಯನ್ನು ಬೀದಿಗೆ ತರಬೇಕೆಂದಲ್ಲ. ಅಂದು ಆ ಮೂವರು ಚಿಕ್ಕಪ್ಪನಿಗೆ ಒಂದು ಊರಿನ ಒಂದು ಕೇರಿಯ ವಿಷಯ ಹೇಳಿದ್ದರು. ಅದನ್ನು ಅವರು ದಾರಿಯುದ್ದಕ್ಕೂ ನನಗೆ ವರ್ಣಿಸಿದರು. ಆ ಕೇರಿಯ ಬಗ್ಗೆ ನಾನು ಮುಂದೆ ಓದಿ ತಿಳಿದುಕೊಂಡೆ. ಓದಿದಷ್ಟೂ ಚಿಕ್ಕಮ್ಮನ ಪ್ರಶ್ನೆಯೇ ಎದುರಿಗೆ ಬಂದು ನಿಲ್ಲುತ್ತಿತ್ತು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹೇಟ್ ಮತ್ತು ಆ್ಯಶ್‌ಬರಿ ಎಂಬ ಎರಡು ಬೀದಿಗಳು ಕೂಡುವ ಸ್ಥಳವೊಂದಿದೆ. ಸುತ್ತಲಿನ ಬಡಾವಣೆಗೆ ಹೇಟ್-ಆ್ಯಶ್‌ಬರಿ ಎಂದೇ ಹೆಸರು. ಹಳೆಯ ಕಾಲದ ಮರದ ದೊಡ್ಡ ಮನೆಗಳು, ಕಡಮೆ ಬಾಡಿಗೆ. 1960ರ ದಶಕದ ನಡುವಿನಲ್ಲಿ ಅಲ್ಲಿಗೆ ಹುಡುಗ ಹುಡುಗಿಯರು ಬಂದು ನೆಲೆಸತೊಡಗಿದರು. ಅವರು ಬಡವರ ಮಕ್ಕಳಲ್ಲ. ಬಹುಮಂದಿ ಅನುಕೂಲಸ್ಥ ಮಧ್ಯಮವರ್ಗದವರು. ಅಪ್ಪನ ಮನೆಯಲ್ಲಿ ಕಾರಿತ್ತು, ರೆಫ್ರಿಜರೇಟರಿತ್ತು, ಹುಲ್ಲುಹಾಸಿನ ಅಂಗಳವಿತ್ತು. ಜೊತೆಗೆ ವಿಯೆಟ್ನಾಂ ಯುದ್ಧವಿತ್ತು. ಹದಿನೆಂಟು ತುಂಬಿದ ಹುಡುಗನಿಗೆ ಸೈನ್ಯದ ಕರೆ ಯಾವಾಗ ಬರುವುದೊ ಎಂಬ ಭಯವಿತ್ತು. “ಈ ಸುಖಕ್ಕಾಗಿ ಯಾರನ್ನೊ ಕೊಲ್ಲಲು ಹೋಗಬೇಕಾದರೆ ಈ ಸುಖವೇ ಬೇಡ” ಎಂದು ಹೊರಟವರನ್ನು ಬರಿಯ ಸೋಮಾರಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗಡ್ಡವನ್ನು ಕಂಡು ನಕ್ಕವರು ಅದರ ಹಿಂದಿನ ಪ್ರಶ್ನೆಯನ್ನು ಕಾಣಲಿಲ್ಲ.

1967ರ ಜನವರಿ 14ರಂದು ಅಲ್ಲಿನ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಒಂದು ಮಹಾಸಭೆ ಸೇರಿತು. 20,000ಕ್ಕೂ ಹೆಚ್ಚು ಜನ. ಕವಿ ಆ್ಯಲನ್ ಗಿನ್ಸ್‌ಬರ್ಗ್ ವೇದಿಕೆಯ ಮೇಲೆ ಕುಳಿತು ಮಂತ್ರ ಹೇಳಿದ. ಅದೇ ತಿಂಗಳಲ್ಲಿ ಭಕ್ತಿವೇದಾಂತ ಸ್ವಾಮಿಗಳು ಆ ಬಡಾವಣೆಯ ಅಂಚಿನಲ್ಲಿ ರಾಧಾಕೃಷ್ಣ ಮಂದಿರವೊಂದನ್ನು ತೆರೆದರು. ಪ್ರಸಾದದ ಊಟಕ್ಕೆ ಹಿಪ್ಪಿಗಳು ಸಾಲುಗಟ್ಟಿದರು. ಪತ್ರಿಕೆಗಳು ಸುದ್ದಿಯನ್ನು ದೇಶಕ್ಕೆಲ್ಲ ಹರಡಿದವು. ಬೇಸಿಗೆ ರಜೆ ಬರುವಷ್ಟರಲ್ಲಿ ಲಕ್ಷದ ಲೆಕ್ಕದಲ್ಲಿ ಮಕ್ಕಳು ಬಂದಿಳಿಯುತ್ತಾರೆಂಬ ಮಾತು ಹಬ್ಬಿತು. ಸಾವಿರ ಸಾವಿರವಾಗಿ ಬಂದಿಳಿದರೂ ಇಳಿದರು. ಅದನ್ನೇ ಇತಿಹಾಸ ಪ್ರೇಮದ ಬೇಸಿಗೆ ಎಂದು ಕರೆಯಿತು.

ಬಂದವರು ಉಂಡದ್ದು ಏನು? ಯಾರು ಬೇಯಿಸಿದರು? ಪ್ರೇಮದ ಬೇಸಿಗೆಯ ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ಕೊನೆಯ ಪುಟಕ್ಕೆ ಹಾಕುತ್ತಾರೆ. ನಾನು ಮೊದಲಿಗೆ ಹಾಕುತ್ತೇನೆ.

ಆ ಕೇರಿಯಲ್ಲಿ ಡಿಗರ್ಸ್ ಎಂಬ ಒಂದು ಗುಂಪಿತ್ತು. 1649ರಲ್ಲಿ ಇಂಗ್ಲೆಂಡಿನಲ್ಲಿ ಭೂಮಿ ಎಲ್ಲರದು ಎಂದು ಬಂಜರನ್ನು ಅಗೆದು ಬೆಳೆ ಬೆಳೆಯಹೊರಟ ಬಡವರ ಹೆಸರನ್ನು ಇವರು ಇಟ್ಟುಕೊಂಡಿದ್ದರು. 1966ರ ಶರತ್ಕಾಲದಿಂದ ಇವರು ಉದ್ಯಾನದ ಬಳಿ ಸಂಜೆಯ ಹೊತ್ತು ಉಚಿತ ಊಟ ಬಡಿಸುತ್ತಿದ್ದರು. ಹಳದಿ ಬಣ್ಣದ ದೊಡ್ಡದೊಂದು ಮರದ ಚೌಕಟ್ಟು ನಿಲ್ಲಿಸಿ, ಅದರ ಮೂಲಕ ಹಾಯ್ದು ಬಂದು ಉಣ್ಣಿರೆನ್ನುತ್ತಿದ್ದರು. ಲೋಕವನ್ನು ಬೇರೆ ಚೌಕಟ್ಟಿನಲ್ಲಿ ನೋಡಿ ಎಂಬುದು ಅದರ ತಾತ್ಪರ್ಯ. ಬಹು ಸುಂದರವಾದ ಭಾವನೆ. ಆದರೆ ಬೆಳಗಿನ ಜಾವ ಸಗಟು ಮಾರುಕಟ್ಟೆಗೆ ಹೋಗಿ ಮಿಕ್ಕ ತರಕಾರಿಯನ್ನು ಬೇಡಿ ತಂದು, ಹೆಚ್ಚಿ, ದೊಡ್ಡ ಹಂಡೆಗಳಲ್ಲಿ ಬೇಯಿಸಿ ಹೊತ್ತು ತರುತ್ತಿದ್ದವರು ಹೆಚ್ಚಾಗಿ ಆ ಗುಂಪಿನ ಹೆಣ್ಣುಮಕ್ಕಳು. ಚೌಕಟ್ಟಿನ ತತ್ವ ಗಂಡಸರ ಹೆಸರಿನಲ್ಲಿ ಪುಸ್ತಕ ಸೇರಿತು; ಹಂಡೆ ಹೆಂಗಸರ ತಲೆಯ ಮೇಲೆ ಉಳಿಯಿತು. ಹಳೆಯ ಲೋಕವನ್ನು ಬಿಟ್ಟು ಬಂದವರು ಹಳೆಯ ಅಡುಗೆಮನೆಯನ್ನು ಜೊತೆಗೇ ತಂದಿದ್ದರು!

ಆ ಬೇಸಿಗೆಯಲ್ಲಿ ಬಂದವರು ಹೆಚ್ಚಿದರು. ರೋಗ, ಮಾದಕ ಪದಾರ್ಥ, ಹಸಿವೆ ಜೊತೆಗೂಡಿದವು. 1967ರ ಜೂನ್ 7ರಂದು ಡೇವಿಡ್ ಸ್ಮಿತ್ ಎಂಬ ಯುವ ವೈದ್ಯರು ಅಲ್ಲಿ ಉಚಿತ ಚಿಕಿತ್ಸಾಲಯ ತೆರೆದರು. ವೈದ್ಯಸಹಾಯ ಮನುಷ್ಯನ ಹಕ್ಕೇ ಹೊರತು ಉಳ್ಳವರ ಸವಲತ್ತಲ್ಲ ಎಂಬುದು ಅವರ ನಂಬಿಕೆ. ಅದೇ ತಿಂಗಳು, ಮನೆ ಬಿಟ್ಟು ಓಡಿಬಂದ ಎಳೆಯ ಮಕ್ಕಳಿಗಾಗಿ ಹಕಲ್‌ಬೆರಿ ಹೌಸ್ ಎಂಬ ಆಶ್ರಯವೂ ಹುಟ್ಟಿತು. ಅಕ್ಟೋಬರ್ 6ರಂದು ಆ ಕೇರಿಯವರೇ ಒಂದು ಶವಪೆಟ್ಟಿಗೆ ಹೊತ್ತು ಹಿಪ್ಪಿ ಸತ್ತನೆಂದು ಅಣಕು ಮೆರವಣಿಗೆ ಮಾಡಿದರು. ಇನ್ನು ಯಾರೂ ಇಲ್ಲಿಗೆ ಬರಬೇಡಿ, ಇದ್ದಲ್ಲಿಯೇ ಮಾಡಬೇಕಾದುದನ್ನು ಮಾಡಿ ಎಂಬುದು ಅದರ ಅರ್ಥ. ಒಂದೇ ವರ್ಷದಲ್ಲಿ ಹುಟ್ಟು, ಮದುವೆ, ತಿಥಿ ಮೂರೂ ಮುಗಿದಂತಾಯಿತು. ಆದರೆ ಆ ಚಿಕಿತ್ಸಾಲಯ ಮಾತ್ರ ದಶಕಗಳ ಕಾಲ ನಡೆಯಿತು. ಹಾಡಿದವರು ಚದುರಿದರು, ಗಾಯ ಕಟ್ಟಿದವರು ಉಳಿದರು. ಇದರಲ್ಲಿ ನಮಗೆ ಏನೊ ಸೂಚನೆಯಿದೆ ಎಂದು ನನಗೆ ತೋರುತ್ತದೆ.

ಬಿಟ್ಟುಹೋಗುವುದು ನಮಗೆ ಹೊಸದಲ್ಲ. ನಮ್ಮ ಸೀಮೆಯ ನಾಲ್ಕು ತಾಲ್ಲೂಕುಗಳನ್ನೇ ಸುತ್ತಿ ನೋಡಿ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಜೈನ ಬಸದಿಗಳೂ, ಊರಿಗೆ ಹೆಸರು ಕೊಟ್ಟ ಎತ್ತರದ ಕಂಬವೂ ಇವೆ. ಅದೇ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಾಥಪಂಥದ ಮಠ. ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಕಾಪನಹಳ್ಳಿಯ ಗವಿಯಲ್ಲಿ ವಚನಕಾರ ಸ್ವತಂತ್ರ ಸಿದ್ಧಲಿಂಗೇಶ್ವರರ ನೆನಪು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸಂಸಾರ ಬಿಟ್ಟ ರಾಮಾನುಜರ ನೆಲೆ. ಶ್ರೀರಂಗಪಟ್ಟಣದ ನದಿಯ ದಡದಲ್ಲಂತೂ ಬಿಟ್ಟವರ ಬೂದಿ ದಿನವೂ ನೀರಿಗೆ ಸೇರುತ್ತದೆ. ಜೈನ, ನಾಥ, ಶರಣ, ಶ್ರೀವೈಷ್ಣವ, ಇವರಾರೂ ಒಬ್ಬರನ್ನೊಬ್ಬರು ಒಪ್ಪಿದವರಲ್ಲ. ಆದರೂ ಒಂದು ವಿಷಯವನ್ನು ಎಲ್ಲರೂ ಬಲ್ಲರು: ಮನೆ ಬಿಟ್ಟವನಿಗೂ ಹೊಟ್ಟೆಯುಂಟು, ಅದು ಇನ್ನೊಬ್ಬರ ಒಲೆಯ ಮೇಲಿನ ಭಾರ.

ಆದುದರಿಂದಲೇ ನಮ್ಮ ಹಿಂದಿನವರು ಬಿಡುವುದಕ್ಕಿಂತ ಹೆಚ್ಚಾಗಿ, ಬಿಟ್ಟಮೇಲೆ ಬೇಡುವ ವಿಧಾನವನ್ನು ಕುರಿತು ಯೋಚಿಸಿದರು. ಜೈನ ಮುನಿ ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯನ್ನೇ ಪಾತ್ರೆಯಾಗಿಸಿ ಉಣ್ಣಬೇಕು. ಸಂನ್ಯಾಸಿ ಒಂದೇ ಮನೆಗೆ ಹೊರೆಯಾಗದೆ, ದುಂಬಿ ಹೂವಿನಿಂದ ಹೂವಿಗೆ ಹೋಗುವಂತೆ ಹಲವು ಮನೆಗಳಲ್ಲಿ ಚೂರು ಚೂರು ಪಡೆಯಬೇಕು. ಆ ಭಿಕ್ಷೆಗೆ ಮಧುಕರಿ ಎಂದೇ ಹೆಸರು. ಅಡುಗೆಮನೆಯ ಹೊಗೆ ನಿಂತು, ಒನಕೆಯ ಸದ್ದು ಅಡಗಿ, ಮನೆಯವರೆಲ್ಲ ಉಂಡಾದ ಮೇಲೆ ಭಿಕ್ಷೆಗೆ ಹೋಗಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಆ ಗ್ರಂಥದೊಡನೆ ನಮಗೆ ಎಷ್ಟೇ ಜಗಳವಿರಲಿ, ಈ ಒಂದು ವಿಧಿಯಲ್ಲಿ ಅಡುಗೆಮನೆಯ ಸಂಕಟ ತಿಳಿದವರ ದನಿ ಇದೆ. ಸಂನ್ಯಾಸಿ ಬರುತ್ತಾನೆಂದು ಆ ಮನೆಯಾಕೆ ಎರಡನೆಯ ಸಲ ಒಲೆ ಹೊತ್ತಿಸುವಂತೆ ಆಗಬಾರದು.

ಹೋಗುವ ಮುನ್ನ ಕೇಳಬೇಕೆಂಬುದೂ ಉಂಟು. ಯಾಜ್ಞವಲ್ಕ್ಯ ಮನೆ ಬಿಡುವ ಮುನ್ನ ಇಬ್ಬರು ಹೆಂಡಿರನ್ನೂ ಕರೆದು ಆಸ್ತಿಯನ್ನು ಹಂಚಲು ಕುಳಿತ. ಮೈತ್ರೇಯಿ ಆಸ್ತಿ ಬೇಡವೆಂದು, ಅಮೃತತ್ವ ಸಿಗುವುದಾದರೆ ಅದನ್ನು ಹೇಳೆಂದಳು. ಒಂದು ಉಪನಿಷತ್ತಿನ ಶ್ರೇಷ್ಠ ಭಾಗ ಹುಟ್ಟಿದುದು ಹೀಗೆ, ಹೊರಟವನು ಹೇಳಿ ಹೊರಟುದರಿಂದ. ಬುದ್ಧನಾದರೊ ಹೇಳದೆಯೇ ಹೋದ. ಮುಂದೆ ರಾಹುಲನಿಗೂ ದೀಕ್ಷೆಯಾದಾಗ ಮುದುಕ ಶುದ್ಧೋದನ ಬಂದು ತನ್ನ ನೋವನ್ನು ತೋಡಿಕೊಂಡನೆಂದೂ, ಅಂದಿನಿಂದ ತಾಯಿತಂದೆಯರ ಒಪ್ಪಿಗೆಯಿಲ್ಲದೆ ಮಕ್ಕಳಿಗೆ ದೀಕ್ಷೆ ಕೊಡಬಾರದೆಂದು ಬುದ್ಧನೇ ಕಟ್ಟಳೆ ಮಾಡಿದನೆಂದೂ ವಿನಯಪಿಟಕ ಹೇಳುತ್ತದೆ. ತಾನು ಮಾಡಿದಂತೆ ಇನ್ನೊಬ್ಬರು ಮಾಡಬಾರದೆಂಬ ಕಟ್ಟಳೆ! ಮಹಾಪುರುಷನ ದೊಡ್ಡತನ ಇಲ್ಲಿಯೂ ಉಂಟು ಎಂದು ನನಗೆ ಅನ್ನಿಸುತ್ತದೆ.

ಕಲ್ಯಾಣದ ಶರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹನ್ನೆರಡನೆಯ ಶತಮಾನದ ಕಲ್ಯಾಣವೆಂದರೆ ಅದೂ ರಾಜಧಾನಿಯೊಳಗಿನ ಒಂದು ಕೇರಿಯೇ. ಕುಲ ಬಿಟ್ಟವರು, ಹಳೆಯ ಆಚಾರ ಬಿಟ್ಟವರು ದೂರದೂರದಿಂದ ಬಂದು ಸೇರಿದ್ದರು. ಆದರೆ ಅಲ್ಲಿ ಬಿಟ್ಟವನಿಗೂ ಕಾಯಕ ತಪ್ಪಲಿಲ್ಲ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ದಿನದ ಅಳತೆಗಿಂತ ಹೆಚ್ಚು ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿ, ಮಿಕ್ಕದ್ದನ್ನು ಇದ್ದಲ್ಲಿಗೆ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಅನ್ನ ಎಲ್ಲಿಂದ ಬಂತು, ಎಷ್ಟು ಬಂತು, ಅದರ ಹಿಂದೆ ಯಾರ ಬೆವರಿದೆ ಎಂದು ಕೇಳುವ ಹಕ್ಕು ಅಲ್ಲಿ ಒಲೆಯ ಮುಂದಿನವಳಿಗೆ ಇತ್ತು. ಹೇಟ್ ಬೀದಿಯ ಹಂಡೆ ಹೊತ್ತ ಹುಡುಗಿಯರಿಗೆ ಇಲ್ಲದ ಹಕ್ಕು ಅದು.

“ಹೀಗೆಲ್ಲ ತೂಗಿ ಅಳೆದು ಕೂತರೆ ಯಾರೂ ಏನನ್ನೂ ಬಿಡುವಂತಿಲ್ಲ, ಲೋಕದಲ್ಲಿ ಒಬ್ಬ ಬುದ್ಧನೂ ಹುಟ್ಟುತ್ತಿರಲಿಲ್ಲ” ಎಂದು ಆಕ್ಷೇಪಿಸುವವರುಂಟು. ಆಕ್ಷೇಪಣೆ ಹಗುರವಾದುದಲ್ಲ. ಎಲ್ಲರೂ ಮನೆಯಲ್ಲೇ ಉಳಿದರೆ ಮನೆಯೇ ಲೋಕವೆಂಬ ಭ್ರಮೆ ಬೆಳೆಯುತ್ತದೆ. ಬಿಟ್ಟುಹೋದವನು ಹೊರಗಿನಿಂದ ಒಂದು ಪ್ರಶ್ನೆಯನ್ನು ತಂದು ಹೊಸಿಲ ಮೇಲೆ ಇಡುತ್ತಾನೆ. ಆ ಹಿಪ್ಪಿಗಳು ಯುದ್ಧವನ್ನು ಪ್ರಶ್ನಿಸಿದ್ದು ಸರಿಯಾಗಿತ್ತು. ಭಾರವನ್ನು ಇನ್ನೊಬ್ಬರ ಹೆಗಲಿಗೆ ಏರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕೂಸು ತಾಯಿಗೆ ಭಾರವೇ, ವಿದ್ಯಾರ್ಥಿ ತಂದೆಗೆ ಭಾರವೇ, ಕವಿ ಊರಿಗೆಲ್ಲ ಭಾರವೇ. ಆದರೆ ಯಾರ ಹೆಗಲಿಗೆ ಏರುತ್ತದೆಯೊ ಅವರನ್ನು ಕೇಳಿದ್ದೇವೆಯೆ? ತ್ಯಾಗಕ್ಕೂ ತಪ್ಪಿಸಿಕೊಳ್ಳುವುದಕ್ಕೂ ಇರುವ ಅಂತರ ಇಷ್ಟೆ ಎಂದು ನನ್ನ ಮಟ್ಟಿಗೆ ನಾನು ಇತ್ಯರ್ಥ ಮಾಡಿಕೊಂಡಿದ್ದೇನೆ. ಕೊಟ್ಟ ಭಿಕ್ಷೆ ಬೇರೆ, ಹೊರಿಸಿದ ಹೊರೆ ಬೇರೆ.

ನಮ್ಮ ನಾಡಿನಲ್ಲಿಯೇ ಇತ್ತೀಚಿನ ನಿದರ್ಶನವೊಂದಿದೆ. ಹಂಪೆಯೆದುರು, ತುಂಗಭದ್ರೆಯ ಆಚೆ ದಡದಲ್ಲಿ, ವಿರೂಪಾಪುರಗಡ್ಡೆ. ಹೆಬ್ಬಂಡೆಗಳ ನಡುವಿನ ಆ ಬತ್ತದ ಗದ್ದೆಗಳ ಊರು ಪರದೇಶದ ಅಲೆಮಾರಿಗಳ ಬೀಡಾಗಿ, ಹಿಪ್ಪಿ ದ್ವೀಪವೆಂದೇ ಲೋಕಕ್ಕೆ ಪರಿಚಯವಾಯಿತು. ಸ್ಮಾರಕಗಳ ರಕ್ಷಿತ ಪ್ರದೇಶದಲ್ಲಿ ಅಲ್ಲಿನ ಕಟ್ಟಡಗಳು ಕಾನೂನಿಗೆ ವಿರುದ್ಧವೆಂದು ಸುಪ್ರೀಂ ಕೋರ್ಟೂ ಎತ್ತಿಹಿಡಿದ ಮೇಲೆ 2020ರ ಮಾರ್ಚಿನಲ್ಲಿ ಅವುಗಳನ್ನು ಕೆಡವಿದರು. ತೀರ್ಪಿನ ನ್ಯಾಯವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಬಂದವರು ಚೀಲ ಹೆಗಲಿಗೇರಿಸಿ ಇನ್ನೊಂದು ದಡಕ್ಕೆ ಹೋಗಬಲ್ಲವರು. ಅಲ್ಲಿ ಅಡುಗೆ ಮಾಡಿ, ಹಾಸಿಗೆ ಕೊಡವಿ ಹೊಟ್ಟೆ ಹೊರೆಯುತ್ತಿದ್ದವರು ಎಲ್ಲಿಗೆ ಹೋಗಬೇಕು? ಹೋಗುವ ಸ್ವಾತಂತ್ರ್ಯ ಒಬ್ಬನದು, ಉಳಿಯುವ ಅನಿವಾರ್ಯ ಇನ್ನೊಬ್ಬನದು. ಈ ಹಂಚಿಕೆ ಹೇಟ್ ಬೀದಿಯಲ್ಲಿದ್ದಂತೆಯೇ ತುಂಗಭದ್ರೆಯ ದಡದಲ್ಲಿಯೂ ಇತ್ತು.

ಇಷ್ಟನ್ನು ಓದಿ, “ಸದ್ಯ, ನಾವು ಏನನ್ನೂ ಬಿಟ್ಟವರಲ್ಲ, ತಿಂಗಳು ತಿಂಗಳು ಬಾಡಿಗೆ ಕಟ್ಟಿ, ಮಕ್ಕಳನ್ನು ಓದಿಸಿ, ಮರ್ಯಾದೆಯಾಗಿದ್ದೇವೆ” ಎಂದು ಪಟ್ಟಣದ ಓದುಗರು ಸಮಾಧಾನಪಟ್ಟುಕೊಳ್ಳಬಹುದು. ನಾನೂ ಹಾಗೆಯೇ ಇದ್ದೆ. ಬೆಂಗಳೂರಿನ ಮನೆಯಲ್ಲಿ ಮಳೆಗಾಲದ ಬೆಳಗ್ಗೆ ಪತ್ರಿಕೆ ಬಂದೊಡನೆ ನಾನು ಮೊದಲು ನೋಡುವುದು ಕನ್ನಂಬಾಡಿಯ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದು ಎಷ್ಟು? ಏರಿದ್ದರೆ ಕಾಫಿಗೆ ರುಚಿ ಹೆಚ್ಚು. ಒಂದು ದಿನ ಹೊಳೆಯಿತು: ನಾನು ಯಾವ ಮಧುಕರಿ ಮಾಡುತ್ತಿದ್ದೇನೆ? 1911ರಲ್ಲಿ ಆರಂಭವಾದ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಳ್ಳಿಗಳೂ ಮುಳುಗಿದವು. ಅಲ್ಲಿಯವರು ಒಲೆ ಕಿತ್ತುಕೊಂಡು ಎದ್ದುಹೋದರು. ಅದರಿಂದ ಮಂಡ್ಯದ ಬಯಲು ಹಸಿರಾದುದು ನಿಜ, ಎಷ್ಟೊ ಮನೆಗಳಲ್ಲಿ ಒಲೆ ಹೊತ್ತಿದ್ದೂ ನಿಜ. ಈಗ ಅದೇ ಕಾವೇರಿಯ ನೀರು ಬೆಂಗಳೂರಿನ ನಲ್ಲಿಯಲ್ಲಿ ಬರುತ್ತದೆ. ಮಳೆ ತಪ್ಪಿದ ವರ್ಷ ನಾಲೆಗೆ ನೀರು ನಿಲ್ಲುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣಗಳ ರೈತ ರಸ್ತೆಗೆ ಬಂದು ಕೂಡುತ್ತಾನೆ. ಬಸ್ಸು ತಡವಾಯಿತೆಂದು ನಾವು ಗೊಣಗುತ್ತೇವೆ. ಒನಕೆಯ ಸದ್ದು ನಿಂತಿತೆ, ಹೊಗೆ ಆರಿತೆ, ಆ ಮನೆಯವರು ಉಂಡರೆ ಎಂದು ನೋಡಿಕೊಂಡು ನಾವೇನೂ ನಲ್ಲಿ ತಿರುಗಿಸುವುದಿಲ್ಲ. ಹಿಪ್ಪಿ ಕಡೆಗೆ ಕೈಚಾಚಿಯಾದರೂ ಬೇಡಿದ. ನಮ್ಮದು ಕೈಚಾಚದ ಭಿಕ್ಷೆ.

ಹಾಗಾದರೆ ಬಿಡುವವರಿಗೂ ಇರುವವರಿಗೂ ಮಾದರಿ ಇಲ್ಲವೆ? ಇದೆ, ದೂರವೂ ಅಲ್ಲ. ಮೇಲುಕೋಟೆಯ ಬೆಟ್ಟದ ಮೇಲೆ, ಮನೆ ಬಿಟ್ಟ ರಾಮಾನುಜರು ಒಂದು ಊರಿನ ದೇವರ ಕೆಲಸವನ್ನೇ ಹೊತ್ತುಕೊಂಡರೆಂದೂ, ಹೊರಗೆ ನಿಲ್ಲಿಸಲ್ಪಟ್ಟವರಿಗೆ ತಿರುಕುಲದವರೆಂದು ಹೆಸರಿಟ್ಟು ಬಾಗಿಲು ತೆರೆಸಿದರೆಂದೂ ಸಂಪ್ರದಾಯ ಹೇಳುತ್ತದೆ. ಅದೇ ಬೆಟ್ಟದ ಮೇಲೆ ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿಯವರು 1960ರಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಖಾದಿಯ ಮಗ್ಗ, ದಿಕ್ಕಿಲ್ಲದ ಮಕ್ಕಳ ಆರೈಕೆ, ಇದೇ ಅವರ ಬಾಳಾಯಿತು. ದೆಹಲಿಯ ದಾರಿ ಬಿಟ್ಟರು. ಆದರೆ ಕೈಯನ್ನು ಬರಿದಾಗಿಸಿಕೊಳ್ಳಲಿಲ್ಲ. ಹೇಟ್ ಬೀದಿಯ ಚಿಕಿತ್ಸಾಲಯವೂ ಈ ಮಗ್ಗವೂ ಒಂದೇ ಜಾತಿಯವು. ಒಂದು ಭಾರವನ್ನು ಇಳಿಸಿದವನು ಇನ್ನೊಂದನ್ನು ತಾನಾಗಿ ಎತ್ತಿಕೊಂಡರೆ ಬಿಟ್ಟದ್ದಕ್ಕೆ ಬೆಲೆ ಬರುತ್ತದೆ.

ಚಿಕ್ಕಪ್ಪ 1979ರಲ್ಲಿ ಹಿಂದಿರುಗಿದರು. ಎಂಟು ವರ್ಷಗಳಾಗಿದ್ದವು. ಎರಡು ಎಕರೆ ರಾಗಿಯ ಹೊಲವನ್ನು ಚಿಕ್ಕಮ್ಮ ಒಬ್ಬರೇ ನೋಡಿಕೊಂಡು, ಮಗಳ ಮದುವೆ ಮಾಡಿ, ಮಗನನ್ನು ಪೇಟೆಯ ಹೈಸ್ಕೂಲಿಗೆ ಸೇರಿಸಿದ್ದರು. ಅಂದು ರಾತ್ರಿ ಅವರು ಮಾತಿಲ್ಲದೆ ಎಲೆ ಹಾಕಿ ಬಡಿಸಿದರು. ಊರಿನವರು ಅದನ್ನು ಕ್ಷಮೆ ಎಂದರು. ನನಗೆ ಅಷ್ಟು ಖಾತ್ರಿಯಿಲ್ಲ. ಹಸಿದು ಬಂದವರಿಗೆ ಬಡಿಸುವುದು ಆಕೆಗೆ ಅಭ್ಯಾಸವಾಗಿತ್ತು, ಅಷ್ಟೆ.

ಮುಂದೆ ಬಹಳ ವರ್ಷಗಳಾದ ಮೇಲೆ ಒಮ್ಮೆ ಊರಿಗೆ ಹೋಗಿದ್ದೆ. ಚಿಕ್ಕಮ್ಮನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಹಿತ್ತಲ ಜಗಲಿಯ ಮೇಲೆ ಕುಳಿತಿದ್ದರು. ಎದುರಿಗೆ ಚಿಕ್ಕಪ್ಪ ಕುಕ್ಕುರುಗಾಲಲ್ಲಿ ಕುಳಿತು ಮುದ್ದೆಯ ಗಡಿಗೆ ಉಜ್ಜುತ್ತಿದ್ದರು. ನನ್ನನ್ನು ನೋಡಿ ನಾಚಿದಂತೆ ನಕ್ಕು, ಗಡಿಗೆಯನ್ನು ಎತ್ತಿ ಹೆಂಡತಿಗೆ ತೋರಿಸಿದರು.

ಚಿಕ್ಕಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿ, “ತಳ ಇನ್ನೂ ಕಪ್ಪಗಿದೆ, ಇನ್ನೊಂದಿಷ್ಟು ಬೂದಿ ಹಾಕಿ” ಎಂದರು.

ಅವರು ಮತ್ತೆ ಉಜ್ಜತೊಡಗಿದರು.